ಶಿವಮೊಗ್ಗ–ತಾಳಗುಪ್ಪ ಮಾರ್ಗದ ಹಳೆಯ ಫೋಟೋಗಳು: ಊರು, ಕಟ್ಟಡ, ಕಾಲವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಜಂಬಗಾರು (ಸಾಗರ)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಮೈಸೂರು ರೈಲ್ವೆಯ ಕಾಲದಲ್ಲಿ ಗೂಡ್ಸ್ ಕ್ಲಾರ್ಕಾಗಿ ಕೆಲಸಕ್ಕೆ ಸೇರಿ, ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಹಲವು ನಿಲ್ದಾಣಗಳಲ್ಲಿ ದುಡಿದು, ದಕ್ಷಿಣ ರೈಲ್ವೆಯಲ್ಲಿ ನಿವೃತ್ತರಾದವರು. ಅವರ ಮನೆಯ ಅಟ್ಟ ಇಳಿಸುವಾಗ ಸಿಕ್ಕಿದ ತಗಡಿನ ಪೆಟ್ಟಿಗೆಯಲ್ಲಿ ಒಂದಷ್ಟು ಕಪ್ಪುಬಿಳುಪು ಫೋಟೋಗಳು, ಕೆಲವು ಗಾಜಿನ ನೆಗೆಟಿವ್‌ಗಳು ಮತ್ತು ಸುರುಳಿ ಸುತ್ತಿದ ಫಿಲ್ಮ್ ತುಂಡುಗಳಿವೆ. ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮನಿಗೆ ಜನರ ಮುಖಗಳು ನೆನಪಿವೆಯೇ ಹೊರತು ಯಾವ ಚಿತ್ರ ಯಾವ ಊರಿನದು ಎಂಬುದು ನೆನಪಿಲ್ಲ. ಆದ್ದರಿಂದ ತಿಳಿದವರ ನೆರವು ಕೇಳುತ್ತಿದ್ದೇನೆ.

ಮುಖ್ಯವಾದ ನಾಲ್ಕು ಚಿತ್ರಗಳನ್ನು ವಿವರಿಸುತ್ತೇನೆ. ಮೊದಲನೆಯದರಲ್ಲಿ ಹೆಂಚಿನ ಮಾಡಿನ ಸಣ್ಣ ನಿಲ್ದಾಣವಿದೆ. ಜಗಲಿಯ ಕಂಬಗಳು ಮರದವು. ಗೋಡೆಗೆ ಬೆಂಕಿ ಆರಿಸುವ ಬಕೆಟ್‌ಗಳನ್ನು ಸಾಲಾಗಿ ನೇತುಹಾಕಿದ್ದಾರೆ, ಬಾಗಿಲ ಪಕ್ಕದಲ್ಲಿ ಗಂಟೆಯ ಬದಲಿಗೆ ಹಳಿಯ ತುಂಡೊಂದು ತೂಗುತ್ತಿದೆ. ಪ್ಲಾಟ್‌ಫಾರಂ ಎಂದರೆ ನೆಲಮಟ್ಟದ ಜಲ್ಲಿಹಾಸು, ಅಷ್ಟೆ. ಊರಿನ ಹೆಸರಿನ ಫಲಕಕ್ಕೆ ಸರಿಯಾಗಿ ಅಡ್ಡವಾಗಿ ಪೇಟ ಸುತ್ತಿದ ಇಬ್ಬರು ನಿಂತುಬಿಟ್ಟಿದ್ದಾರೆ. ಫಲಕದ ಕೆಳಗಿನ ಸಾಲಿನಲ್ಲಿ ಸಮುದ್ರಮಟ್ಟದಿಂದ ಎತ್ತರವನ್ನು ಇಂಗ್ಲಿಷಿನಲ್ಲಿ ಅಡಿಗಳಲ್ಲಿ ಬರೆದಿರುವುದು ಮಾತ್ರ ಕಾಣುತ್ತದೆ, ಅಂಕಿಗಳು ಬರಿಗಣ್ಣಿಗೆ ಸ್ಪಷ್ಟವಿಲ್ಲ.

ಎರಡನೆಯದರಲ್ಲಿ ಗೂಡ್ಸ್ ಶೆಡ್ಡಿನ ಮುಂದೆ ಚಪ್ಪಟೆ ವ್ಯಾಗನ್ ನಿಂತಿದ್ದು, ಅದರ ಮೇಲೆ ಮನುಷ್ಯನೊಬ್ಬ ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಉಕ್ಕಿನ ಕೊಳವೆಯಿದೆ. ಪಕ್ಕದಲ್ಲಿ ಲಾರಿಯೊಂದರ ಮೂತಿ ಕಾಣುತ್ತದೆ. ಮೂರನೆಯದು ಪೇಟೆ ಬೀದಿ: ಎರಡೂ ಕಡೆ ಉಪ್ಪರಿಗೆಯ ಅಂಗಡಿಮನೆಗಳು, ಮುಂದೆ ಅಡಿಕೆಯ ಮೂಟೆಗಳನ್ನು ಹೇರಿದ ಎತ್ತಿನ ಗಾಡಿಗಳು, ಬೀದಿಯ ತುದಿಯಲ್ಲಿ ರೈಲ್ವೆ ಗೇಟು. ನಾಲ್ಕನೆಯ ಚಿತ್ರದಲ್ಲಿ ರೈಲಿನ ಸುಳಿವೇ ಇಲ್ಲ. ದೊಡ್ಡ ಚೌಕಿಮನೆ, ಅಂಗಳದಲ್ಲಿ ಅಡಿಕೆ ಹರವಿದ ತಟ್ಟಿಗಳು, ಹಿಂದೆ ಸಾಲಾಗಿ ಗುಡ್ಡಗಳು. ನಮ್ಮ ಬಂಧುಬಳಗದ ಯಾರ ಮನೆಯೂ ಅದಲ್ಲ ಎಂದು ದೊಡ್ಡಮ್ಮ ಖಚಿತವಾಗಿ ಹೇಳುತ್ತಾರೆ.

ಇವು ಯಾವ ಕಾಲದವು, ಯಾವ ಊರಿನವು ಎಂದು ಕಟ್ಟಡಗಳನ್ನೂ ಸಾಮಾನುಗಳನ್ನೂ ನೋಡಿಯೇ ನಿರ್ಧರಿಸಲು ಸಾಧ್ಯವೇ? ಮಳೆಗಾಲ ಹತ್ತಿರ ಬರುತ್ತಿರುವುದರಿಂದ ಇವನ್ನು ಹೇಗೆ ಕಾಪಾಡಬೇಕೆಂಬ ಚಿಂತೆಯೂ ಇದೆ. ಮನೆಯಲ್ಲಿ ಕೆಲವರು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಆಲ್ಬಂಗೆ ಅಂಟಿಸೋಣ ಎನ್ನುತ್ತಿದ್ದಾರೆ. ನಾನು ಸದ್ಯಕ್ಕೆ ತಡೆದಿದ್ದೇನೆ. ಗೇಜ್ ಪರಿವರ್ತನೆಯಾದ ಮೇಲೆ, ಎಂದರೆ ಹಳಿಗಳ ನಡುವಿನ ಅಗಲ ಬದಲಾದ ಮೇಲೆ, ಈ ಮಾರ್ಗದ ಹಳೆಯ ರೂಪವನ್ನು ತೋರಿಸುವ ಗುರುತುಗಳು ನಮ್ಮ ಕಡೆ ಬಹಳ ಕಡಿಮೆ ಉಳಿದಿರುವುದರಿಂದ, ಇವು ನಮ್ಮ ಮನೆಗೆ ಮಾತ್ರ ಸೇರಿದ ವಸ್ತುಗಳಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಉತ್ತರ: ಮೀಟರ್‌ಗೇಜ್ (ಶಿವಮೊಗ್ಗ)

ಒರೆಸುವುದನ್ನು ತಡೆದದ್ದಕ್ಕೆ ಮೊದಲು ನಿಮಗೆ ಧನ್ಯವಾದ. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ನಾನು ಕಾಲನಿರ್ಣಯದ ಬಗ್ಗೆ ಬರೆಯುತ್ತೇನೆ.

ಮೊದಲಿಗೆ ಮಾರ್ಗದ ಇತಿಹಾಸವೇ ನಮಗೆ ಒಂದು ಗಡಿಯನ್ನು ಹಾಕಿಕೊಡುತ್ತದೆ. ಬೀರೂರಿನಿಂದ ಶಿವಮೊಗ್ಗದವರೆಗಿನ ಮೀಟರ್ ಗೇಜ್ ಮಾರ್ಗ ತೆರೆದದ್ದು 1899ರಲ್ಲಿ. ಅಲ್ಲಿಂದ ಮುಂದೆ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೂಲಕ ಹಳಿ ಮುಂದುವರಿದದ್ದು 1930ರ ದಶಕದಲ್ಲಿ, ಹಂತಹಂತವಾಗಿ. 1940ರ ಹೊತ್ತಿಗೆ ಅದು ತಾಳಗುಪ್ಪವನ್ನು ಮುಟ್ಟಿತ್ತು. ಹಾಗಾಗಿ ನಿಮ್ಮ ನಿಲ್ದಾಣ ಶಿವಮೊಗ್ಗದಿಂದಾಚೆಯದಾಗಿದ್ದರೆ ಚಿತ್ರ 1930ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಇನ್ನೊಂದು ತುದಿಯ ಗಡಿಯನ್ನು ಫಲಕವೇ ಹೇಳುತ್ತಿದೆ. ಎತ್ತರವನ್ನು ಅಡಿಯಲ್ಲಿ ಬರೆದಿದ್ದರೆ ಅದು ಮೆಟ್ರಿಕ್ ಪದ್ಧತಿ ರೈಲ್ವೆಗೆ ಬರುವ ಮುಂಚಿನದು, ಎಂದರೆ ಸುಮಾರಾಗಿ 1960ಕ್ಕಿಂತ ಹಿಂದಿನದು. ಹೆಸರನ್ನು ಹಿಂದಿಯಲ್ಲೂ ಬರೆಯುವ ರೂಢಿ ಸ್ವಾತಂತ್ರ್ಯಾನಂತರ ಬಂದದ್ದು. ಪೇಟದವರ ಭುಜಗಳ ನಡುವಿನ ಸಂದಿಯಲ್ಲಿ ನಾಗರಿ ಅಕ್ಷರದ ತಲೆಗೆರೆಯೇನಾದರೂ ಕಾಣುತ್ತದೆಯೇ ಎಂದು ಭೂತಗನ್ನಡಿಯಿಂದ ನೋಡಿ. ಕಂಡರೆ 1950ರ ದಶಕ ಎಂದು ಹೇಳಬಹುದು, ಕಾಣದಿದ್ದರೆ ಇನ್ನೂ ಹಿಂದಿನದಾಗಿರುವ ಸಂಭವ ಹೆಚ್ಚು.

ಆ ಎತ್ತರದ ಅಂಕಿ ಬಹಳ ಬೆಲೆಯುಳ್ಳದ್ದು. ಹೆಸರು ಮರೆಯಾದರೂ ಎತ್ತರ ಉಳಿದಿದ್ದರೆ ನಿಲ್ದಾಣ ಸಿಕ್ಕಂತೆಯೇ. ಚಿತ್ರವನ್ನು ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿ, ಅಂಕಿಯನ್ನು ಓದಿ, 0.3048ರಿಂದ ಗುಣಿಸಿ ಮೀಟರಿಗೆ ತಂದು, ಈಗಿನ ನಿಲ್ದಾಣಗಳ ಫಲಕಗಳ ಮೇಲಿರುವ ಎತ್ತರಗಳೊಂದಿಗೆ ಹೋಲಿಸಿ. ಗೇಜ್ ಪರಿವರ್ತನೆಯಲ್ಲಿ ಹಳಿಯ ಮಟ್ಟವನ್ನು ಏರಿಸಿ ಇಳಿಸಿರುವ ಸಾಧ್ಯತೆ ಇರುವುದರಿಂದ ಒಂದೆರಡು ಮೀಟರಿನ ವ್ಯತ್ಯಾಸ ಬಂದರೆ ಗಾಬರಿಯಾಗಬೇಕಿಲ್ಲ. ಎರಡು ನಿಲ್ದಾಣಗಳು ಒಂದೇ ಎತ್ತರದವಾಗಿ ಬಂದರೆ ಹಿನ್ನೆಲೆಯ ಗುಡ್ಡಗಳ ಸಾಲು ತೀರ್ಮಾನ ಹೇಳುತ್ತದೆ. ಕಟ್ಟಡ ಕೆಡವಬಹುದು, ಮರ ಕಡಿಯಬಹುದು, ಗುಡ್ಡದ ನೆತ್ತಿಯ ಗೆರೆ ಮಾತ್ರ ಅಲ್ಲೇ ಇರುತ್ತದೆ. ಚಿತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದು ಆ ಜಾಗದಲ್ಲಿ ನಿಂತು ನೋಡುವುದಕ್ಕೆ ಸಮನಾದ ಪರೀಕ್ಷೆ ಇನ್ನೊಂದಿಲ್ಲ.

ಎರಡನೆಯ ಚಿತ್ರವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅಷ್ಟು ದೊಡ್ಡ ಉಕ್ಕಿನ ಕೊಳವೆ ಈ ಮಾರ್ಗದಲ್ಲಿ ಬಂದಿದೆಯೆಂದರೆ ಅದು ವಿದ್ಯುದಾಗಾರಕ್ಕೆ ಗುಡ್ಡದ ಮೇಲಿನಿಂದ ನೀರಿಳಿಸುವ ಪೆನ್‌ಸ್ಟಾಕ್ ಕೊಳವೆಯ ತುಂಡೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಜೋಗದ ಜಲವಿದ್ಯುತ್ ಯೋಜನೆಯ ಕೆಲಸ 1939ರಲ್ಲಿ ಆರಂಭವಾಗಿ 1948ರಲ್ಲಿ ವಿದ್ಯುತ್ ಹರಿಯಿತು. ಮೊದಲು ಕೃಷ್ಣರಾಜೇಂದ್ರ ಜಲವಿದ್ಯುತ್ ಯೋಜನೆ ಎಂದು ಕರೆಯುತ್ತಿದ್ದ ಅದಕ್ಕೆ ಆಮೇಲೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಯಂತ್ರಭಾಗಗಳು ರೈಲಿನಲ್ಲಿ ತಾಳಗುಪ್ಪದವರೆಗೆ ಬಂದು, ಅಲ್ಲಿಂದ ರಸ್ತೆಯ ಮೂಲಕ ಜೋಗಕ್ಕೆ ಹೋಗುತ್ತಿದ್ದವು. ಹಳಿ ಮುಗಿಯುವ ಒಂದು ಸಣ್ಣ ಊರು ಇಡೀ ರಾಜ್ಯದ ಬೆಳಕಿಗೆ ಬೇಕಾದ ಸಾಮಾನನ್ನು ಇಳಿಸಿಕೊಂಡು ಮುಂದಕ್ಕೆ ಕಳುಹಿಸಿದ ಕಾಲ ಅದು. ಆದರೆ 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮತ್ತು ಶರಾವತಿ ವಿದ್ಯುದಾಗಾರದ ಕೆಲಸ ನಡೆದಾಗಲೂ ಇಂಥದೇ ಸಾಗಾಟವಿತ್ತು. ಹೀಗಾಗಿ ನಿಮ್ಮ ಚಿತ್ರ ಈ ಎರಡರಲ್ಲಿ ಯಾವ ಕಾಲದ್ದು ಎಂದು ಬೇರ್ಪಡಿಸಬೇಕು.

ಅದಕ್ಕೆ ಲಾರಿಯ ಮೂತಿ ನೆರವಾಗುತ್ತದೆ. ಟಾಟಾ ಸಂಸ್ಥೆ ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿದ್ದು 1954ರಲ್ಲಿ. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರದ ಗುರುತಿದ್ದರೆ ಅದು ಜೋಗದ ಮೊದಲ ಯೋಜನೆಯ ಕಾಲದ್ದಲ್ಲ. ವ್ಯಾಗನ್ನಿನ ಪಕ್ಕದ ಅಕ್ಷರಗಳನ್ನೂ ಓದಲು ಪ್ರಯತ್ನಿಸಿ. ಮೈಸೂರು ಸಂಸ್ಥಾನದ ರೈಲ್ವೆ, 1951ರ ಏಪ್ರಿಲ್ 14ರಂದು ರೂಪುಗೊಂಡ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಎಂ.ಎಸ್.ಆರ್. ಎಂದಿದ್ದರೆ ಚಿತ್ರ ಅದಕ್ಕೆ ಮುಂಚಿನದು, ಇಲ್ಲವೇ ಬಣ್ಣ ಬದಲಾಗುವ ಮೊದಲಿನ ಕೆಲವು ವರ್ಷಗಳದು. ಚಿತ್ರದ ಯಾವುದಾದರೂ ಮೂಲೆಯಲ್ಲಿ ಇಂಜಿನ್ ಇದ್ದರೆ ಇನ್ನೂ ಒಳ್ಳೆಯದು: ವೈಪಿ ಮತ್ತು ವೈಜಿ ವರ್ಗದ ಉಗಿಬಂಡಿಗಳು ಭಾರತದ ಮೀಟರ್ ಗೇಜಿಗೆ ಬಂದದ್ದು 1940ರ ದಶಕದ ಕೊನೆಯ ನಂತರ.

ಪೇಟೆ ಬೀದಿಯ ಚಿತ್ರದಲ್ಲಿ ಅಂಗಡಿಗಳ ಮಾಡನ್ನು ಗಮನಿಸಿ. ಮಂಗಳೂರು ಹೆಂಚು 1865ರ ನಂತರ ಕರಾವಳಿಯಲ್ಲಿ ತಯಾರಾಗತೊಡಗಿ ಘಟ್ಟ ಹತ್ತಿ ಬಂತು. ಅದಕ್ಕೂ ಹಿಂದಿನ ಮನೆಗಳಿಗೆ ಹುಲ್ಲು ಇಲ್ಲವೇ ನಾಡಹೆಂಚು. ಒಂದೇ ಬೀದಿಯಲ್ಲಿ ಎರಡೂ ಬೆರೆತಿದ್ದರೆ ಊರು ಬೆಳೆಯುತ್ತಿದ್ದ ಹೊತ್ತು ಎಂದು ತಿಳಿಯಬಹುದು. ವಾಹನವೇನಾದರೂ ಕಂಡರೆ ನಂಬರ್ ಪ್ಲೇಟಿನ ಮೊದಲ ಅಕ್ಷರಗಳು ಎಂ.ವೈ. ಆಗಿರುವ ಕಾಲ ಮೈಸೂರು ಎಂಬ ಹೆಸರಿನ ಕಾಲ. ದರಪಟ್ಟಿಯಲ್ಲಿ ಆಣೆಯ ಲೆಕ್ಕ ಕಂಡರೆ ಅದು 1957ರಲ್ಲಿ ನಯಾ ಪೈಸೆ ಬರುವ ಮುಂಚಿನದು, ಅಥವಾ ಅದರ ಆಸುಪಾಸಿನದು.

ಒಂದು ಎಚ್ಚರಿಕೆ. ಗಾಜಿನ ನೆಗೆಟಿವನ್ನು ತಿರುಗಿಸಿ ಇಟ್ಟು ಪ್ರಿಂಟ್ ಹಾಕಿದರೆ ಎಡಬಲ ಅದಲುಬದಲಾಗುತ್ತದೆ. ಬರಹವಿರುವ ಚಿತ್ರದಲ್ಲಿ ಇದು ತಕ್ಷಣ ತಿಳಿಯುತ್ತದೆ, ಬರಹವಿಲ್ಲದ ಕಡೆ ಹೆಂಗಸರ ಸೆರಗು ಯಾವ ಹೆಗಲ ಮೇಲಿದೆ, ಗಂಡಸರ ಅಂಗಿಯ ಗುಂಡಿ ಯಾವ ಕಡೆಗಿದೆ ಎಂದು ನೋಡಬೇಕು. ಗೂಡ್ಸ್ ಶೆಡ್ ಹಳಿಯ ಯಾವ ಪಕ್ಕದಲ್ಲಿತ್ತು ಎಂದು ವಾದ ಮಾಡುವ ಮೊದಲು ಇದನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

ಕಟ್ಟಡದ ಅಳತೆ, ಕಿಟಕಿ, ಮಾಡಿನ ಇಳಿಜಾರುಗಳನ್ನು ಕಣ್ಣಾರೆ ಹೋಲಿಸಬೇಕಾದರೆ ಅರಸಾಳಿಗೆ ಹೋಗಿಬನ್ನಿ. ಅಲ್ಲಿನ ಹಳೆಯ ಮೀಟರ್ ಗೇಜ್ ನಿಲ್ದಾಣವನ್ನು ರೈಲ್ವೆಯವರು ದುರಸ್ತಿ ಮಾಡಿ 'ಮಾಲ್ಗುಡಿ' ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. 1980ರ ದಶಕದ 'ಮಾಲ್ಗುಡಿ ಡೇಸ್' ಕಿರುತೆರೆ ಧಾರಾವಾಹಿಯ ಚಿತ್ರೀಕರಣಕ್ಕಾಗಿ ಆ ನಿಲ್ದಾಣಕ್ಕೆ ಮಾಲ್ಗುಡಿ ಎಂಬ ಫಲಕ ಹಾಕಿದ್ದರು. ಯಾರಾದರೂ ಅಂಥ ಫಲಕವಿರುವ ಫೋಟೋ ತೋರಿಸಿ ಬಹಳ ಹಳೆಯದು ಎಂದರೆ ಇದನ್ನು ನೆನಪಿಡಬೇಕು.

ಉತ್ತರ: ಹಿನ್ನೀರು (ತುಮರಿ)

ನಾಲ್ಕನೆಯ ಚಿತ್ರದ ಬಗ್ಗೆ ನಾನು ಬರೆಯಲೇಬೇಕು. ರೈಲಿನ ಸುಳಿವಿಲ್ಲದ, ನಿಮ್ಮ ಬಂಧುಗಳದೂ ಅಲ್ಲದ ಚೌಕಿಮನೆಯ ಫೋಟೋ ಒಬ್ಬ ರೈಲ್ವೆ ನೌಕರರ ಪೆಟ್ಟಿಗೆಯಲ್ಲಿ ಏಕಿದೆ ಎಂದು ನೀವು ಆಶ್ಚರ್ಯಪಟ್ಟಿರಬಹುದು. ಶರಾವತಿ ಕಣಿವೆಯಲ್ಲಿ ಮುಳುಗಡೆ ಎರಡು ಸಲ ಆಯಿತು. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದಾಗ ಒಮ್ಮೆ, 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಇನ್ನೊಮ್ಮೆ. ಎರಡನೆಯ ಸಲ ಹಿರೇಭಾಸ್ಕರ ಅಣೆಕಟ್ಟೂ ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಅದರ ಸೈಫನ್‌ಗಳು (ಹೆಚ್ಚಾದ ನೀರನ್ನು ಹೊರಬಿಡುವ ಕೊಳವೆಗಳು) ಈಗಲೂ ತಲೆಯೆತ್ತುತ್ತವೆ.

ಮನೆ ಬಿಟ್ಟು ಹೊರಡುವ ಮುನ್ನ ಅನುಕೂಲವಿದ್ದ ಕೆಲವರು ಪೇಟೆಯಿಂದ ಫೋಟೋದವರನ್ನು ಕರೆಸಿ ಮನೆಯ ಮುಂದೆ ನಿಂತು ಒಂದು ಪಟ ತೆಗೆಸಿಕೊಂಡರು. ನಮ್ಮ ಕುಟುಂಬದಲ್ಲಿಯೂ ಅಂಥದೊಂದಿದೆ. ಸಾಮಾನು ಸಾಗಿಸುವಾಗ ಅಂಥ ಪಟದ ಒಂದು ಪ್ರತಿ ಪರಿಚಯದ ರೈಲ್ವೆಯವರ ಕೈ ಸೇರಿರಬಹುದು, ಅಥವಾ ನಿಮ್ಮ ದೊಡ್ಡಪ್ಪ ಬಿಡಾರ ಮಾಡಿದ್ದ ಮನೆಯವರೇ ನೆನಪಿಗೆಂದು ಕೊಟ್ಟಿರಬಹುದು. ಗುಡ್ಡಗಳ ಸಾಲನ್ನು ನೋಡಿ ಎಂದು ಮೇಲಿನವರು ಬರೆದ ಮಾತು ಇಲ್ಲಿಯೂ ಸಲ್ಲುತ್ತದೆ, ಆದರೆ ಇಲ್ಲಿ ಕಣಿವೆಯ ತಳ ನೀರಿನಡಿಯಲ್ಲಿರುವುದರಿಂದ ನಿಂತು ಹೋಲಿಸುವ ಜಾಗವೇ ಇಲ್ಲ. ನೀರಿನ ಮೇಲೆ ಉಳಿದ ನೆತ್ತಿಗಳಷ್ಟೇ ಗುರುತು. ಆದ್ದರಿಂದ ಈ ಚಿತ್ರವನ್ನು ಗುರುತಿಸಬೇಕಾದವರು ಮನುಷ್ಯರೇ.

ನನ್ನ ಬಿನ್ನಹ ಇಷ್ಟು. ಈ ಚಿತ್ರದ ದೊಡ್ಡ ಪ್ರತಿಗಳನ್ನು ಮಾಡಿಸಿ, ಮುಳುಗಡೆಯಿಂದ ಬಂದು ಸಾಗರ, ಹೊಸನಗರ, ಶಿವಮೊಗ್ಗ ತಾಲ್ಲೂಕುಗಳಲ್ಲಿ ನೆಲೆಸಿದ ಹಿರಿಯರಿಗೆ ತೋರಿಸಿ. 1964ರಲ್ಲಿ ಹತ್ತು ಹನ್ನೆರಡು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ತೋರಿಸುವಾಗ 'ಇದು ಇಂಥ ಊರೇ?' ಎಂದು ಹೆಸರು ಹೇಳಿ ಕೇಳಬೇಡಿ. ಹಾಗೆ ಕೇಳಿದರೆ ದೊಡ್ಡವರು ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಹೌದು ಎಂದುಬಿಡುತ್ತಾರೆ. ಸುಮ್ಮನೆ ಕೈಗೆ ಕೊಟ್ಟು ಅವರೇ ಮಾತಾಡಲು ಬಿಡಿ. ಅವರು ಮನೆಯನ್ನಲ್ಲ, ಬಾವಿಕಟ್ಟೆಯನ್ನೋ ಅಂಗಳದ ಮೂಲೆಯ ಹಲಸಿನ ಮರವನ್ನೋ ಮೊದಲು ಗುರುತಿಸುತ್ತಾರೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ, ಒಪ್ಪಿದರೆ ಧ್ವನಿಮುದ್ರಣ ಮಾಡಿಕೊಳ್ಳಿ. ಇಬ್ಬರು ಬೇರೆ ಬೇರೆ ಊರು ಹೇಳಿದರೆ ಎರಡನ್ನೂ ಬರೆದಿಡಿ.

ಉತ್ತರ: ಕತ್ತಲೆಕೋಣೆ (ತೀರ್ಥಹಳ್ಳಿ)

ತಂದೆಯವರ ಕಾಲದಿಂದ ಸ್ಟುಡಿಯೋ ನಡೆಸಿಕೊಂಡು ಬಂದವನು ನಾನು. ಮಲೆನಾಡಿನ ಮನೆಗಳಲ್ಲಿ ಫೋಟೋಗಳು ಹೇಗೆ ಹಾಳಾಗುತ್ತವೆ ಎಂಬುದನ್ನು ನೋಡುತ್ತಲೇ ಬಂದಿದ್ದೇನೆ. ದಯವಿಟ್ಟು ಒದ್ದೆ ಬಟ್ಟೆಯನ್ನು ಆ ಪೆಟ್ಟಿಗೆಯ ಹತ್ತಿರವೂ ತರಬೇಡಿ. ಚಿತ್ರವಿರುವುದು ಕಾಗದದ ಮೇಲಿನ ಜೆಲಾಟಿನ್ ಪದರದಲ್ಲಿ. ನೀರು ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಒರೆಸಿದರೆ ಬಟ್ಟೆಯ ಜೊತೆ ಮುಖವೇ ಎದ್ದು ಬರುತ್ತದೆ. ಮೇಲಿನ ಧೂಳನ್ನು ಮೆತ್ತಗಿನ ಒಣ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಸರಿಸಿದರೆ ಸಾಕು. ಅಂಚುಗಳಲ್ಲಿ, ಕಪ್ಪು ಭಾಗಗಳ ಮೇಲೆ ನೀಲಿಛಾಯೆಯ ಬೆಳ್ಳಿಯ ಹೊಳಪು ಕಾಣುತ್ತಿದ್ದರೆ ಅದು ಕೊಳೆಯಲ್ಲ, ಚಿತ್ರದೊಳಗಿನ ಬೆಳ್ಳಿಯೇ ತೇವಕ್ಕೆ ಮೇಲೆದ್ದು ಬಂದದ್ದು. ಅದನ್ನು ಉಜ್ಜಿ ತೆಗೆಯಲು ಹೋಗಬಾರದು.

ಬೂಷ್ಟು ಬಂದಿದ್ದರೆ ಆ ಫೋಟೋಗಳನ್ನು ಉಳಿದವುಗಳಿಂದ ಬೇರೆ ಮಾಡಿ, ಗಾಳಿಯಾಡುವ ಒಣ ಕೋಣೆಯಲ್ಲಿ ನೆರಳಿನಲ್ಲಿ ಹರವಿ. ಬಿಸಿಲಿಗೆ ಹಾಕಿದರೆ ಕಾಗದ ಸುರುಳಿಯಾಗಿ ಪದರ ಬಿರಿಯುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋ ಇದ್ದರೆ ಎಂದಿಗೂ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೆಯೇ ಇಡಿ. ಅಂಟಿನ ಹಾಳೆಯಿರುವ ಆಲ್ಬಂ ಬೇಡವೇ ಬೇಡ. ಆ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಫೋಟೋವನ್ನು ಹಿಡಿದುಬಿಡುತ್ತದೆ. ಮೆದುವಾದ ಪಿವಿಸಿ ಪ್ಲಾಸ್ಟಿಕ್ ಹೊದಿಕೆಯೂ ಅಷ್ಟೇ ಕೆಟ್ಟದ್ದು. ಆಮ್ಲರಹಿತ ಕಾಗದದ ಲಕೋಟೆಯೊಳಗೆ ಒಂದೊಂದನ್ನೇ ಇಟ್ಟು, ಆ ಲಕೋಟೆಗಳನ್ನು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ. ನಮ್ಮ ಮಳೆಗಾಲಕ್ಕೆ ಇಷ್ಟು ಸಾಲದು. ಮುಚ್ಚಳ ಬಿಗಿಯಾದ ಡಬ್ಬಿಯೊಳಗೆ ಆ ಪೆಟ್ಟಿಗೆಯನ್ನಿಟ್ಟು ಸಿಲಿಕಾ ಜೆಲ್ ಚೀಲಗಳನ್ನು ಹಾಕಿ, ಬಣ್ಣ ಬದಲಾದಾಗ ಅವನ್ನು ಬಿಸಿಮಾಡಿ ಒಣಗಿಸಿ ಮತ್ತೆ ಇಡುತ್ತಿರಬೇಕು. ನುಸಿಗುಳಿಗೆಯನ್ನು ಫೋಟೋಗಳ ಜೊತೆ ಇಡಬಾರದು. ಅಡುಗೆಮನೆಯ ಮೇಲಿನ ಅಟ್ಟವಂತೂ ಸರ್ವಥಾ ಬೇಡ: ಹೊಗೆ, ಬಿಸಿ, ಮಳೆಯ ತೇವ ಮೂರೂ ಅಲ್ಲಿ ಒಟ್ಟಿಗೆ ಸೇರುತ್ತವೆ. ಮನೆಯ ಒಳಗೋಡೆಗೆ ಹತ್ತಿರವಿರುವ ಮರದ ಕಪಾಟು ಒಳ್ಳೆಯದು.

ಗಾಜಿನ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಮಲಗಿಸಬಾರದು, ತೂಕಕ್ಕೆ ಕೆಳಗಿನವು ಬಿರಿಯುತ್ತವೆ. ಕಾಗದದಲ್ಲಿ ಸುತ್ತಿ ಉದ್ದ ಅಂಚಿನ ಮೇಲೆ ನಿಲ್ಲಿಸಿ. ಹೊಳಪಿಲ್ಲದ ಮುಖವೇ ಚಿತ್ರವಿರುವ ಮುಖ, ಅದನ್ನು ಮುಟ್ಟಬೇಡಿ. ಎತ್ತುವಾಗ ಎರಡೂ ಕೈಗಳಿಂದ ಅಂಚನ್ನೇ ಹಿಡಿಯಿರಿ.

ಫಿಲ್ಮ್ ಸುರುಳಿಗಳ ಬಗ್ಗೆ ಗಂಭೀರವಾಗಿ ಹೇಳುತ್ತೇನೆ. ಹುಳಿ ವಿನಿಗರಿನ ವಾಸನೆ ಬರುತ್ತಿದ್ದರೆ ಅದು ಅಸಿಟೇಟ್ ಫಿಲ್ಮ್, ಹಾಳಾಗತೊಡಗಿದೆ ಎಂದರ್ಥ. ಅದನ್ನು ಬೇರೆಯಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ. 1950ರ ದಶಕದ ಆರಂಭದವರೆಗೂ ನೈಟ್ರೇಟ್ ಫಿಲ್ಮ್ ಬಳಕೆಯಲ್ಲಿತ್ತು, ಅದು ಬಹಳ ಬೇಗ ಬೆಂಕಿ ಹಿಡಿಯುವಂಥದು. ಅಂಚಿನಲ್ಲಿ 'ಸೇಫ್ಟಿ' ಎಂಬ ಇಂಗ್ಲಿಷ್ ಅಕ್ಷರಗಳಿಲ್ಲದ ಹಳೆಯ ಫಿಲ್ಮನ್ನು ಒಲೆ, ದೀಪ, ಬಿಸಿಲುಗಳಿಂದ ದೂರವಿಡಿ. ಸುತ್ತಿಕೊಂಡು ಬಿರುಸಾದದ್ದನ್ನು ಬಲವಂತವಾಗಿ ಬಿಡಿಸಬೇಡಿ.

ಸ್ಕ್ಯಾನ್ ಮಾಡುವಾಗ ಫೋಟೋ ಕಪ್ಪುಬಿಳುಪಾದರೂ ಬಣ್ಣದ ಕ್ರಮದಲ್ಲಿಯೇ ಮಾಡಿ, ಏಕೆಂದರೆ ಕಲೆ ಮತ್ತು ಶಾಯಿಯ ವ್ಯತ್ಯಾಸ ಆಗ ಮಾತ್ರ ತಿಳಿಯುತ್ತದೆ. ಫೋಟೋಗೆ 600 ಡಿಪಿಐ ಕನಿಷ್ಠ, ಅಂಗೈಯಗಲದ ಸಣ್ಣ ಪ್ರತಿಗಳಿಗೆ 1200, ನೆಗೆಟಿವ್‌ಗೆ 2400. ಮೂಲವನ್ನು ಟಿಫ್ ಕಡತವಾಗಿ ಉಳಿಸಿ, ಹಂಚಲು ಬೇರೆ ಜೆಪೆಗ್ ಪ್ರತಿ ಮಾಡಿಕೊಳ್ಳಿ. ಪ್ರತಿ ಫೋಟೋದ ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ. ಹಿಂದೆ ಕೊಡಾಕ್ ಕಂಪನಿಯ 'ವೆಲಾಕ್ಸ್' ಎಂಬ ಮುದ್ರೆ ಇರಬಹುದು, ಸ್ಟುಡಿಯೋದ ರಬ್ಬರ್ ಸ್ಟಾಂಪ್ ಇರಬಹುದು. 'ಇಂದು' ಎಂದಿದ್ದರೆ ಅದು 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಕಾಗದ, ಎಂದರೆ ಆ ಪ್ರತಿ ಅದಕ್ಕಿಂತ ಹಿಂದಿನದಲ್ಲ. ಆದರೆ ಹಳೆಯ ನೆಗೆಟಿವ್‌ನಿಂದ ಹೊಸ ಕಾಗದದ ಮೇಲೆ ಪ್ರತಿ ತೆಗೆಯುವುದು ನಮ್ಮಲ್ಲಿ ಸಾಮಾನ್ಯವಾಗಿತ್ತು. ಹೀಗಾಗಿ ಕಾಗದದ ವಯಸ್ಸು ಬೇರೆ, ದೃಶ್ಯದ ವಯಸ್ಸು ಬೇರೆ ಎಂದು ಎರಡನ್ನೂ ಪ್ರತ್ಯೇಕವಾಗಿ ಬರೆದಿಡಿ. ಹಿಂಬದಿಯಲ್ಲಿ ಹೊಸದಾಗಿ ಏನಾದರೂ ಬರೆಯಬೇಕಿದ್ದರೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ.

ಪ್ರಶ್ನೆ ಕೇಳಿದವರು: ಜಂಬಗಾರು (ಸಾಗರ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮನೆಯವರಿಗೆಲ್ಲ ಈ ಉತ್ತರಗಳನ್ನು ಓದಿ ಹೇಳಿದ ಮೇಲೆ ಆಲ್ಬಂನ ಮಾತು ನಿಂತಿದೆ. ಪೆಟ್ಟಿಗೆ ಅಟ್ಟದಿಂದ ಇಳಿದು ನಡುಮನೆಯ ಕಪಾಟಿಗೆ ಬಂದಿದೆ.

ಮೊದಲ ಎರಡು ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ನೋಡಿದೆ. ಕೊಳವೆ ಹೊತ್ತ ವ್ಯಾಗನ್ನಿನ ಅಡ್ಡಪಟ್ಟಿಯ ಮೇಲೆ ಎಂ.ಎಸ್.ಆರ್. ಎಂಬ ಅಕ್ಷರಗಳು ಓದುವಂತಿವೆ. ಲಾರಿಗೆ ನಕ್ಷತ್ರದ ಗುರುತಿಲ್ಲ, ಅದರ ಮೂತಿ ಉದ್ದವಾಗಿ ಮುಂದೆ ಚಾಚಿಕೊಂಡಿದೆ. ನಿಲ್ದಾಣದ ಫಲಕದಲ್ಲಿ ನಾಗರಿ ಅಕ್ಷರ ಕಾಣಲಿಲ್ಲ. ಎತ್ತರದ ಅಂಕಿಯಲ್ಲಿ ಮೊದಲ ಎರಡು ಸ್ಪಷ್ಟವಾಗಿವೆ, ಉಳಿದವು ಒಬ್ಬರ ಕೋಟಿನ ತೋಳಿಗೆ ಮರೆಯಾಗಿವೆ. ಚೌಕಿಮನೆಯ ಚಿತ್ರದ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ 'ಕೊನೆಯ ಸುಗ್ಗಿ' ಎಂಬ ಎರಡೇ ಪದಗಳಿವೆ. ಅಕ್ಷರ ದೊಡ್ಡಪ್ಪನದಲ್ಲ. ತುಮರಿಯವರು ಬರೆದದ್ದನ್ನು ಓದಿದ ಮೇಲೆಯೇ ಅದರ ಅರ್ಥ ಹೊಳೆಯಿತು.

ಇನ್ನೆರಡು ಸಂಗತಿ ತಿಳಿಯಬೇಕು. ಇವನ್ನು ಎಲ್ಲರೂ ನೋಡುವಂತೆ ಪ್ರಕಟಿಸಲು ಕಾನೂನಿನ ಅಡ್ಡಿಯಿದೆಯೇ? ಮೂಲ ಪ್ರತಿಗಳನ್ನು ಕೊಡುವುದಾದರೆ ಎಲ್ಲಿಗೆ ಕೊಡುವುದು ಸೂಕ್ತ?

ಉತ್ತರ: ಮೀಟರ್‌ಗೇಜ್ (ಶಿವಮೊಗ್ಗ)

ಹಾಗಿದ್ದರೆ ಎರಡನೆಯ ಚಿತ್ರ ಜೋಗದ ಮೊದಲ ಯೋಜನೆಯ ಕಾಲದ್ದು ಎಂದು ಹೇಳಲು ಒಳ್ಳೆಯ ಆಧಾರ ಸಿಕ್ಕಿತು. ಅದನ್ನು '1940ರ ದಶಕ, ಪ್ರಾಯಶಃ ತಾಳಗುಪ್ಪ' ಎಂದು ದಾಖಲಿಸಿ, ಹಾಗೆ ಹೇಳಲು ಕಾರಣವಾದ ಗುರುತುಗಳನ್ನೂ ಕೆಳಗೆ ಬರೆಯಿರಿ. ಕಾರಣವಿಲ್ಲದ ಶೀರ್ಷಿಕೆಯನ್ನು ಮುಂದೆ ಯಾರೂ ಪರೀಕ್ಷಿಸಲಾರರು. ಎತ್ತರದ ಮೊದಲ ಎರಡು ಅಂಕಿಗಳಿಂದ ಎಲ್ಲ ನಿಲ್ದಾಣಗಳಲ್ಲದಿದ್ದರೂ ಕೆಲವನ್ನು ಪಟ್ಟಿಯಿಂದ ಕೈಬಿಡಬಹುದು. ಭಾರತ ಸರ್ವೇಕ್ಷಣ ಇಲಾಖೆಯ ಹಳೆಯ, ಒಂದಂಗುಲಕ್ಕೆ ಒಂದು ಮೈಲಿಯ ನಕಾಶೆಗಳಲ್ಲಿ ನಿಲ್ದಾಣ, ರಸ್ತೆ, ಕೆರೆಗಳ ಸ್ಥಾನ ಸಿಗುತ್ತದೆ. ಪೇಟೆ ಬೀದಿ ಗೇಟಿಗೆ ಯಾವ ದಿಕ್ಕಿನಿಂದ ಬಂದು ಸೇರುತ್ತದೆ ಎಂಬುದನ್ನು ಅದರೊಂದಿಗೆ ಹೋಲಿಸಿ.

ಮೂಲ ಪ್ರತಿಗಳ ಬಗ್ಗೆ ನನ್ನ ಅಭಿಪ್ರಾಯವಿದು. ರೈಲ್ವೆಗೆ ನೇರವಾಗಿ ಸಂಬಂಧಿಸಿದವುಗಳಿಗಾಗಿ 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವನ್ನೂ, ಒಟ್ಟು ಸಂಗ್ರಹಕ್ಕಾಗಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರವನ್ನೂ ವಿಚಾರಿಸಬಹುದು. ಸಾಗರಕ್ಕೆ ಹತ್ತಿರದಲ್ಲಿ ಕೆಳದಿಯ ವಸ್ತುಸಂಗ್ರಹಾಲಯವಿದೆ, ನಮ್ಮ ಸೀಮೆಯ ಜನ ಹೋಗಿ ನೋಡಲು ಅದು ಅನುಕೂಲ. ಎಲ್ಲಿಗೆ ಕೊಟ್ಟರೂ ಸಂಗ್ರಹವನ್ನು ಹರಿದು ಹಂಚಬೇಡಿ. ಒಬ್ಬರೇ ಮನುಷ್ಯರ ಪೆಟ್ಟಿಗೆಯಲ್ಲಿ ಈ ಚಿತ್ರಗಳೆಲ್ಲ ಜೊತೆಯಾಗಿದ್ದವು ಎಂಬುದೇ ಒಂದು ದಾಖಲೆ. ಚೌಕಿಮನೆಯ ಚಿತ್ರವನ್ನು ನಿಲ್ದಾಣದ ಚಿತ್ರದಿಂದ ಬೇರ್ಪಡಿಸಿದರೆ ಎರಡರ ನಡುವಿನ ಸಂಬಂಧ ಕಳೆದುಹೋಗುತ್ತದೆ. ಕೊಡುವ ಮೊದಲು ಪಟ್ಟಿ ಮಾಡಿ, ಸ್ವೀಕೃತಿಪತ್ರ ಪಡೆದು, ಸ್ಕ್ಯಾನ್ ಪ್ರತಿಗಳನ್ನು ಎರಡು ಬೇರೆ ಬೇರೆ ಮನೆಗಳಲ್ಲಿ ಇಟ್ಟುಕೊಳ್ಳಿ.

ಕಾನೂನಿನ ವಿಷಯದಲ್ಲಿ, ನಮ್ಮ ದೇಶದಲ್ಲಿ ಛಾಯಾಚಿತ್ರದ ಹಕ್ಕು ಹಿಂದೆ ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇತ್ತು; 2012ರ ತಿದ್ದುಪಡಿಯ ನಂತರ ಅದು ಚಿತ್ರ ತೆಗೆದವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಇಂಥ ಹಳೆಯ ಫೋಟೋಗಳ ಲೆಕ್ಕ ಬೇರೆಯಾಗಬಹುದಾದ್ದರಿಂದ, ಸ್ಟುಡಿಯೋದ ಮುದ್ರೆಯಿರುವ ಪ್ರತಿಗಳನ್ನು ಪ್ರಕಟಿಸುವ ಮೊದಲು ಆ ಸ್ಟುಡಿಯೋದವರ ಕುಟುಂಬ ಇದ್ದಲ್ಲಿ ಕೇಳುವುದು ಸರಿ. ಚೌಕಿಮನೆಯ ಚಿತ್ರದಲ್ಲಿರುವವರ ಮನೆಯವರು ಪತ್ತೆಯಾದರೆ, ಪ್ರಕಟಣೆಯ ಅನುಮತಿ ಕೇಳುವುದಕ್ಕೂ ಮೊದಲು ಅವರಿಗೊಂದು ಒಳ್ಳೆಯ ಪ್ರತಿ ಮಾಡಿಸಿ ಕೊಡಿ.

ಉತ್ತರ: ಹಿನ್ನೀರು (ತುಮರಿ)

'ಕೊನೆಯ ಸುಗ್ಗಿ' ಎಂದು ಬರೆದಿದ್ದರೆ ಅದು ಮುಳುಗಡೆಯ ಮನೆಯೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಡಿಕೆ ತಟ್ಟಿಯ ಮೇಲಿರುವುದರಿಂದ ಚಳಿಗಾಲದ ಕೊಯ್ಲಿನ ಹೊತ್ತು. ಲಿಂಗನಮಕ್ಕಿಯದಾದರೆ ನೀರು ಏರುವ ಮುಂಚಿನ ಬೇಸಿಗೆಗೆ ಸ್ವಲ್ಪ ಮೊದಲು ತೆಗೆದದ್ದಿರಬೇಕು. ಆ ಚಿತ್ರದ ಮುಂಬದಿ, ಹಿಂಬದಿ ಎರಡರ ಪ್ರತಿಯನ್ನೂ ಇಲ್ಲಿ ಹಾಕಿ. ನಮ್ಮ ಊರಿನಲ್ಲಿ, ಬ್ಯಾಕೋಡಿನಲ್ಲಿ ಇರುವ ಹಿರಿಯರಿಗೆ ನಾನೇ ಒಯ್ದು ತೋರಿಸುತ್ತೇನೆ. ಅಕ್ಷರವನ್ನು ಗುರುತಿಸುವವರು ಸಿಗುವ ಸಾಧ್ಯತೆಯೂ ಇದೆ, ಏಕೆಂದರೆ ಆ ಕಾಲದಲ್ಲಿ ಒಂದು ಊರಿನ ಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದವರು ಒಬ್ಬರೋ ಇಬ್ಬರೋ ಇರುತ್ತಿದ್ದರು.